ಹಿಮ್ಮಡಿಗೆ ಬೇರು ಸುತ್ತಿದವ: ಸೋಂಡ್ರೆ ನೋರ್‌ಹೈಮ್



ಏಪ್ರಿಲ್ ಬಂತಂದ್ರೆ ರಾಯಚೂರು 40 ಡಿಗ್ರಿ ದಾಟುತ್ತದೆ. ದೇವದುರ್ಗ, ಮಾನ್ವಿ, ಕಲ್ಲೂರು, ಎಲ್ಲಾ ಕಡೆ ಇದೇ ಪಾಡು. ನಮ್ಮಲ್ಲಿ ಬಹಳ ಜನ ಹಿಮ ಅಂತ ನೋಡಿರೋದು ಫ್ರಿಜ್ಜಿನ ಗೋಡೆಗೆ ಅಂಟಿಕೊಂಡಿದ್ದನ್ನು ಮಾತ್ರ. ಅಂಥಾ ಊರಿನ ನಾವು ಸ್ಕೀ ಬಗ್ಗೆ ಬರೀತೀವಿ ಅಂದ್ರೆ ನಿಮಗೆ ನಗು ಬರಬಹುದು. ಬರಲಿ. ಆದರೆ ಇದು ಆಟದ ಕಥೆಗಿಂತ ಹೆಚ್ಚಾಗಿ ಡಿಸೈನ್ ಕಥೆ. ಕಾಲು ಹೂತುಹೋಗುವ ನೆಲದ ಮೇಲೆ ಮನುಷ್ಯ ಹೂಳದೆ ಓಡಾಡಬೇಕು. ಅದಕ್ಕೆ ಹಲಗೆ ಯಾವ ಆಕಾರದ್ದಿರಬೇಕು, ಆ ಹಲಗೆ ಮೇಲೆ ಕಾಲನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು? ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಬದುಕಿದ ಒಬ್ಬ ಬಡವನ ಕಥೆ ಇದು. ಅವನ ಹೆಸರು ಸೋಂಡ್ರೆ ನೋರ್‌ಹೈಮ್. ಇವತ್ತು ಜಗತ್ತಿನಾದ್ಯಂತ ಸ್ಕೀ ಆಡುವವರು ಅವನನ್ನು ಆಧುನಿಕ ಸ್ಕೀಯ ಪಿತಾಮಹ ಅಂತ ಕರೀತಾರೆ.

ಕಾಲು ಹೂತುಹೋಗುವ ನೆಲ ಅಂದ್ರೆ ಏನು ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಇಳಿದು ನೋಡ್ರಿ. ಕಾಲು ಒಳಗೆ ಹೋಗುತ್ತೆ, ಎತ್ತಿದರೆ ಕಾಲು ಮಾತ್ರ ಬರುತ್ತೆ, ಚಪ್ಪಲಿ ಅಲ್ಲೇ ಉಳಿಯುತ್ತೆ. ಹವಾಯಿ ಚಪ್ಪಲಿಗೆ ಮುಂದೆ ಮಾತ್ರ ಪಟ್ಟಿ ಇರೋದು, ಹಿಮ್ಮಡಿಗೆ ಹಿಡಿತವೇ ಇಲ್ಲ. ಈ ಚಪ್ಪಲಿಯನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೋರ್ಗೆಡಾಲ್‌ನ ಹುಡುಗ

ನಾರ್ವೆ ದೇಶದ ದಕ್ಷಿಣ ಭಾಗದಲ್ಲಿ ಟೆಲಿಮಾರ್ಕ್ ಅನ್ನೋ ಸೀಮೆ ಇದೆ. ಅಲ್ಲಿ ಗುಡ್ಡಗಳ ನಡುವೆ ಮೋರ್ಗೆಡಾಲ್ ಅನ್ನೋ ಸಣ್ಣ ಹಳ್ಳಿ. 1825ರ ಜೂನ್ 10ರಂದು ಸೋಂಡ್ರೆ ಅಲ್ಲಿ ಹುಟ್ಟಿದ. ಮನೆತನಕ್ಕೆ ಸ್ವಂತ ಜಮೀನು ಇರಲಿಲ್ಲ. ದೊಡ್ಡ ರೈತರ ಜಮೀನಿನ ಅಂಚಿನಲ್ಲಿ ಸಣ್ಣ ಮನೆ ಮಾಡಿಕೊಂಡು, ಬಾಡಿಗೆಯ ಬದಲು ಆ ರೈತರ ಹೊಲದಲ್ಲಿ ದುಡಿದು ಕೊಡುವ ಕುಟುಂಬಗಳು ಆಗ ನಾರ್ವೆಯಲ್ಲಿ ಬಹಳ ಇದ್ದವು. ಸೋಂಡ್ರೆಯದ್ದೂ ಅಂಥದ್ದೇ ಮನೆ. ನೋರ್‌ಹೈಮ್ ಅನ್ನೋದು ಅವನು ಆಮೇಲೆ ವಾಸವಿದ್ದ ಜಾಗದ ಹೆಸರು. ನಮ್ಮ ಕಡೆ ಕಲ್ಲೂರ, ಮಾನ್ವಿ ಅಂತ ಊರಿನ ಹೆಸರೇ ಅಡ್ಡಹೆಸರು ಆಗುತ್ತಲ್ಲ, ಹಾಗೇ ಅವನಿಗೂ ಆಯಿತು.

ಅಲ್ಲಿ ಚಳಿಗಾಲ ಅಂದ್ರೆ ತಿಂಗಳುಗಟ್ಟಲೆ ಹಿಮ. ಪಕ್ಕದ ಮನೆಗೆ ಹೋಗಬೇಕಾದರೂ ಸ್ಕೀ ಬೇಕು. ಸ್ಕೀ ಅನ್ನೋ ಪದಕ್ಕೆ ಹಳೆಯ ನಾರ್ಸ್ ಭಾಷೆಯಲ್ಲಿ ಸೀಳಿದ ಕಟ್ಟಿಗೆ ಅಂತ ಅರ್ಥ. ಅದು ನಿಜಕ್ಕೂ ಅಷ್ಟೇ ಆಗಿತ್ತು: ಉದ್ದಕ್ಕೆ ಸೀಳಿ, ಮುಂದಿನ ತುದಿಯನ್ನು ಬಗ್ಗಿಸಿ ಮೇಲಕ್ಕೆ ಎತ್ತಿದ ಹಲಗೆ. ಸಾವಿರಾರು ವರ್ಷಗಳಿಂದ ಆ ಕಡೆಯ ಜನ ಅದನ್ನೇ ಕಟ್ಟಿಕೊಂಡು ಓಡಾಡ್ತಿದ್ದರು. ಅವರಿಗೆ ಅದು ಆಟ ಅಲ್ಲ, ನಮ್ಮ ಸೈಕಲ್ ಇದ್ದ ಹಾಗೆ.

ಆದರೆ ಹುಡುಗರು ಎಲ್ಲಿದ್ದರೂ ಹುಡುಗರೇ. ಸೋಂಡ್ರೆಗೆ ಇಳಿಜಾರು ಕಂಡರೆ ಸಾಕು, ಇಳಿಯಬೇಕು. ಹಿಮ ತುಂಬಿದ ಮನೆಯ ಮಾಡು ಕಂಡರೆ ಅದರ ಮೇಲಿನಿಂದ ಹಾರಬೇಕು. ಹೊಲದ ಕೆಲಸ, ಕಟ್ಟಿಗೆ ಕೆಲಸ ಮುಗಿಸಿ ಸಿಕ್ಕ ಹೊತ್ತೆಲ್ಲಾ ಗುಡ್ಡದ ಮೇಲೆ. ಮುಂದೆ ಅವನಿಗೆ ರನ್ನೈ ಅನ್ನೋಳ ಜೊತೆ ಮದುವೆ ಆಯಿತು, ಮಕ್ಕಳಾದರು. ಬಡತನ ಹಾಗೇ ಇತ್ತು, ಹುಚ್ಚೂ ಹಾಗೇ ಇತ್ತು.

ಸಮಸ್ಯೆ ಏನಿತ್ತು?

ಇಲ್ಲಿ ಎಂಜಿನಿಯರಿಂಗ್ ಶುರುವಾಗುತ್ತದೆ.

ಆ ಕಾಲದ ಸ್ಕೀಗೆ ಸಾಮಾನ್ಯವಾಗಿ ಕಾಲ್ಬೆರಳಿನ ಹತ್ತಿರ ಒಂದು ಪಟ್ಟಿ ಮಾತ್ರ ಇರುತ್ತಿತ್ತು. ಅಂದ್ರೆ ಹವಾಯಿ ಚಪ್ಪಲಿ ಡಿಸೈನ್. ಸಮತಟ್ಟು ನೆಲದಲ್ಲಿ ಜಾರಿಕೊಂಡು ಹೋಗಲು ಅದು ಸಾಕು. ಆದರೆ ಇಳಿಜಾರಿನಲ್ಲಿ ತಿರುಗಬೇಕಾದರೆ? ನೀವು ಕಾಲನ್ನು ತಿರುಗಿಸುತ್ತೀರಿ, ಹಿಮ್ಮಡಿ ಹಲಗೆಯಿಂದ ಪಕ್ಕಕ್ಕೆ ಜಾರುತ್ತದೆ, ಹಲಗೆ ಮಾತ್ರ ನೇರ ಹೋಗುತ್ತಲೇ ಇರುತ್ತದೆ. ಹಾರಿದರೆ ಇನ್ನೂ ಕಷ್ಟ, ಗಾಳಿಯಲ್ಲೇ ಸ್ಕೀ ಕಳಚಿ ಬೀಳಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕಾಲಿನಿಂದ ಹಲಗೆಗೆ ಟಾರ್ಕ್ ಟ್ರಾನ್ಸ್‌ಫರ್ ಆಗ್ತಿರಲಿಲ್ಲ. ಜಾಯಿಂಟ್ ಸಡಿಲ ಇತ್ತು.

ಹಾಗಂತ ಹಿಮ್ಮಡಿಯನ್ನು ಹಲಗೆಗೆ ಬಿಗಿದು ಕಟ್ಟಿಬಿಟ್ಟರೆ ಮುಗಿಯಿತಾ? ಇಲ್ಲ. ಸಮತಟ್ಟಿನಲ್ಲಿ ನಡೆಯಬೇಕಾದರೆ, ಗುಡ್ಡ ಹತ್ತಬೇಕಾದರೆ ಹಿಮ್ಮಡಿ ಮೇಲೆ ಏಳಲೇಬೇಕು. ಮೇಲೆ ಕೆಳಗೆ ಆಡಬೇಕು, ಪಕ್ಕಕ್ಕೆ ಮಾತ್ರ ಆಡಬಾರದು. ಒಂದು ದಿಕ್ಕಿನಲ್ಲಿ ಫ್ರೀ, ಇನ್ನೊಂದು ದಿಕ್ಕಿನಲ್ಲಿ ಲಾಕ್. ಕಬ್ಬಿಣದ ಕೀಲು, ಸ್ಪ್ರಿಂಗ್ ಏನೂ ಇಲ್ಲದ ಹಳ್ಳಿಯಲ್ಲಿ ಇದನ್ನು ಹೇಗೆ ಮಾಡೋದು?

ಬೇರಿನ ಉತ್ತರ

ನೋರ್‌ಹೈಮ್ ಉತ್ತರವನ್ನು ಕಾಡಿನಿಂದಲೇ ತಂದ. ಬಳುಕುವ ಎಳೆ ಟೊಂಗೆ, ಬರ್ಚ್ ಮರದ ಬೇರುಗಳನ್ನು ಹುರಿ ಹೊಸೆದು, ಬೆರಳಿನ ಪಟ್ಟಿಯಿಂದ ಹೊರಟು ಹಿಮ್ಮಡಿಯ ಹಿಂದೆ ಸುತ್ತಿ ಬರುವ ಹಾಗೆ ಕಟ್ಟಿದ. ಇಷ್ಟೇ. ಹವಾಯಿ ಚಪ್ಪಲಿಗೆ ಹಿಂದೊಂದು ಪಟ್ಟಿ ಹಾಕಿ ಸ್ಯಾಂಡಲ್ ಮಾಡಿದ ಹಾಗೆ. ಬೇರು ಗಟ್ಟಿಯೂ ಹೌದು, ಬಳುಕೋದೂ ಹೌದು. ಹಿಮ್ಮಡಿ ಎತ್ತಿದರೆ ಬಳುಕಿ ಜಾಗ ಕೊಡುತ್ತೆ, ಪಕ್ಕಕ್ಕೆ ತಿರುಗಿಸಿದರೆ ಹಿಡಿದು ಹಲಗೆಯನ್ನೂ ಜೊತೆಗೆ ತಿರುಗಿಸುತ್ತೆ. ಮೆಟೀರಿಯಲ್ ಸೆಲೆಕ್ಷನ್ ಅಂತ ನಾವು ಪರೀಕ್ಷೆಗೆ ಓದುವ ವಿಷಯವನ್ನು ಅವನು ಯಾವ ಟೇಬಲ್ ನೋಡದೆ ಮಾಡಿದ್ದ.

ಎರಡನೆಯದು ಹಲಗೆಯ ಆಕಾರ. ಹಳೆಯ ಸ್ಕೀಗಳು ಉದ್ದ, ಎರಡೂ ಅಂಚು ಹೆಚ್ಚುಕಡಿಮೆ ನೇರ. ನೋರ್‌ಹೈಮ್ ಅದಕ್ಕಿಂತ ಗಿಡ್ಡ ಸ್ಕೀ ಮಾಡಿದ, ಮುಂದೆ ಮತ್ತು ಹಿಂದೆ ಅಗಲ ಬಿಟ್ಟು ನಡುವೆ ಸೊಂಟದ ಹಾಗೆ ಕಿರಿದು ಮಾಡಿದ. ಇಂಥಾ ಹಲಗೆಯನ್ನು ಅಂಚಿನ ಮೇಲೆ ವಾಲಿಸಿದರೆ ಮೊದಲು ಎರಡು ತುದಿಗಳು ಹಿಮಕ್ಕೆ ತಾಗುತ್ತವೆ, ಮೈಭಾರಕ್ಕೆ ನಡು ಕೆಳಕ್ಕೆ ಬಾಗುತ್ತದೆ. ಆಗ ಅಂಚು ಒಂದು ಕಮಾನಿನ ಆಕಾರಕ್ಕೆ ಬರುತ್ತೆ. ಆ ಕಮಾನಿನ ದಾರಿಯಲ್ಲೇ ಸ್ಕೀ ಹೋಗುತ್ತೆ. ಅಂದ್ರೆ ತಿರುವು ಹಲಗೆಯೊಳಗೇ ಅಡಗಿದೆ, ಆಡುವವನು ಅದನ್ನು ಹೊರಗೆ ತರಬೇಕು ಅಷ್ಟೇ. ಇವತ್ತಿಗೂ ಅಂಗಡಿಗೆ ಹೋದರೆ ಸ್ಕೀ ಮೇಲೆ ಮುಂದಿನ ಅಗಲ, ಸೊಂಟದ ಅಗಲ, ಹಿಂದಿನ ಅಗಲ ಅಂತ ಮೂರು ಸಂಖ್ಯೆ ಬರೆದಿರ್ತಾರೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದೆಲ್ಲಾ ಒಬ್ಬನೇ ಒಂದೇ ರಾತ್ರಿಯಲ್ಲಿ ಕಂಡುಹಿಡಿದದ್ದಲ್ಲ. ಟೆಲಿಮಾರ್ಕ್‌ನ ಹಳ್ಳಿಗಳಲ್ಲಿ ಬಹಳ ಜನ ತಮ್ಮ ತಮ್ಮ ಸ್ಕೀ ತಾವೇ ಕೆತ್ತಿಕೊಳ್ತಿದ್ದರು, ಒಬ್ಬರದನ್ನು ನೋಡಿ ಇನ್ನೊಬ್ಬರು ತಿದ್ದಿಕೊಳ್ತಿದ್ದರು. ನೋರ್‌ಹೈಮ್‌ನ ದೊಡ್ಡತನ ಇರೋದು ಕಟ್ಟು, ಆಕಾರ, ಆಡುವ ರೀತಿ ಈ ಮೂರನ್ನೂ ಒಂದೇ ಸಿಸ್ಟಮ್ ಅಂತ ನೋಡಿದ್ದರಲ್ಲಿ. ಆಮೇಲೆ ಅದನ್ನು ಎಲ್ಲರ ಕಣ್ಣಮುಂದೆ ಆಡಿ ತೋರಿಸಿದ್ದರಲ್ಲಿ.

1868, ಕ್ರಿಸ್ಟಿಯಾನಿಯಾ

ಇವತ್ತಿನ ಓಸ್ಲೋ ನಗರಕ್ಕೆ ಆಗ ಕ್ರಿಸ್ಟಿಯಾನಿಯಾ ಅಂತ ಹೆಸರು. 1868ರ ಫೆಬ್ರವರಿಯಲ್ಲಿ ಅಲ್ಲಿ ಸ್ಕೀ ಸ್ಪರ್ಧೆ ಇತ್ತು. ನೋರ್‌ಹೈಮ್‌ಗೆ ಆಗ 42 ವರ್ಷ. ಮೋರ್ಗೆಡಾಲ್‌ನಿಂದ ರಾಜಧಾನಿಗೆ ಸುಮಾರು 200 ಕಿಲೋಮೀಟರ್. ಅವನು ಜೊತೆಗಾರರ ಜೊತೆ ಸ್ಕೀ ಮೇಲೆಯೇ ಹೊರಟ, ಮೂರು ದಿನದ ದಾರಿ. ಕಲ್ಲೂರಿನಿಂದ ಹೊರಟು ಕಲಬುರಗಿ ತನಕ ನಡೆದುಹೋಗಿ, ಅಲ್ಲಿ ಓಟದ ಪಂದ್ಯಕ್ಕೆ ನಿಂತ ಹಾಗೆ ಅಂದುಕೊಳ್ಳಿ.

ಪಟ್ಟಣದ ಜನ ಆಗ ಸ್ಕೀ ಇಳಿಯುತ್ತಿದ್ದದ್ದು ಒಂದು ಉದ್ದ ಕೋಲನ್ನು ಬ್ರೇಕ್ ಥರ ಹಿಮಕ್ಕೆ ಒತ್ತಿಹಿಡಿದು, ಅದರ ಮೇಲೆ ಭಾರ ಹಾಕಿ. ಈ ಹಳ್ಳಿಯವನು ಕೋಲಿನ ಆಸರೆ ಇಲ್ಲದೆ ಇಳಿದ, ಹಾರಿದ, ಇಳಿದ ಮೇಲೆ ಒಂದು ಕಾಲು ಮುಂದೆ ಚಾಚಿ ಇನ್ನೊಂದು ಮಂಡಿ ಬಗ್ಗಿಸಿ ನುಣ್ಣಗೆ ತಿರುಗಿ ನಿಂತ. ತನಗಿಂತ ಎಷ್ಟೋ ಚಿಕ್ಕ ವಯಸ್ಸಿನವರನ್ನು ಹಿಂದೆ ಹಾಕಿ ಮೊದಲ ಸ್ಥಾನ ಪಡೆದ. ಆ ತಿರುವಿಗೆ ಅವನ ಸೀಮೆಯ ಹೆಸರೇ ಉಳಿಯಿತು: ಟೆಲಿಮಾರ್ಕ್ ತಿರುವು. ಇವತ್ತಿಗೂ ಒಲಿಂಪಿಕ್ಸ್‌ನಲ್ಲಿ ಸ್ಕೀ ಹಾರುವವರು ನೆಲ ಮುಟ್ಟುವಾಗ ಹೀಗೇ ಒಂದು ಕಾಲು ಮುಂದಿಡಬೇಕು, ಇಲ್ಲದಿದ್ದರೆ ಸ್ಟೈಲ್ ಅಂಕ ಕಟ್. ಸ್ಲಾಲಮ್ ಅನ್ನೋ ಪದವೂ ಟೆಲಿಮಾರ್ಕ್ ಕಡೆಯ ಆಡುಮಾತಿನಿಂದಲೇ ಬಂದದ್ದು.

ಅವನ ಊರಿನ ಹುಡುಗರು ಅವನನ್ನು ನೋಡಿ ಕಲಿತರು. ಅವರಲ್ಲಿ ಟೋರ್ಯುಸ್ ಮತ್ತು ಮಿಕ್ಕೆಲ್ ಹೆಮ್ಮೆಸ್ಟ್‌ವೇಟ್ ಅನ್ನೋ ಅಣ್ಣತಮ್ಮಂದಿರು ಮುಂದೆ 1881ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಸ್ಕೀ ಶಾಲೆಯನ್ನೇ ಶುರು ಮಾಡಿದರು. ಗುರು ಮಾತ್ರ ಊರಲ್ಲೇ ಇದ್ದ, ಮೊದಲಿನಷ್ಟೇ ಬಡವನಾಗಿ. ಗೆದ್ದ ಬಹುಮಾನ ಹೊಲ ಕೊಳ್ಳುವಷ್ಟು ಇರಲಿಲ್ಲ. ಹಿಮ್ಮಡಿ ಕಟ್ಟನ್ನು ಯಾರು ಬೇಕಾದರೂ ನೋಡಿ ಮಾಡಿಕೊಳ್ಳಬಹುದಿತ್ತು, ಮಾಡಿಕೊಂಡರು.

ಗುಳೆ

ನಮ್ಮ ಜಿಲ್ಲೆಯವರಿಗೆ ಗುಳೆ ಅನ್ನೋ ಪದ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ ಅಂತ ಹೋಗುವವರನ್ನು ನಾವು ನೋಡಿಯೇ ಬೆಳೆದಿದ್ದೇವೆ. ಹತ್ತೊಂಬತ್ತನೇ ಶತಮಾನದ ನಾರ್ವೆಯಲ್ಲೂ ಇಂಥದ್ದೇ ಗುಳೆ ಇತ್ತು, ಆದರೆ ಅದು ಸಮುದ್ರ ದಾಟಿ ಅಮೆರಿಕಕ್ಕೆ. ಅಲ್ಲಿ ಸರಕಾರ ಉಳುವವರಿಗೆ ಜಮೀನು ಕೊಡುತ್ತೆ ಅನ್ನೋ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿತ್ತು. ಲಕ್ಷಗಟ್ಟಲೆ ಜನ ಹೊರಟರು. ನಮ್ಮ ಗುಳೆಯವರು ಮಳೆಗಾಲಕ್ಕೆ ವಾಪಸ್ ಬರ್ತಾರೆ. ಅವರಲ್ಲಿ ಹೆಚ್ಚಿನವರು ಬರಲಿಲ್ಲ.

1884ರಲ್ಲಿ ನೋರ್‌ಹೈಮ್ ಕೂಡ ಹೆಂಡತಿ ಮಕ್ಕಳ ಜೊತೆ ಹಡಗು ಹತ್ತಿದ. ವಯಸ್ಸು ಅರವತ್ತರ ಹತ್ತಿರ. ಮೊದಲು ಮಿನೆಸೋಟಾ, ಆಮೇಲೆ ನಾರ್ತ್ ಡಕೋಟಾ. ಅಲ್ಲಿ ಅವನಿಗೆ ಜಮೀನು ಸಿಕ್ಕಿತು. ಆದರೆ ಆ ಜಮೀನು ಹೇಗಿತ್ತು ಅಂದ್ರೆ, ಕಣ್ಣು ಹಾಯಿಸಿದಷ್ಟು ದೂರ ಬಯಲು. ನಮ್ಮ ಎರೆ ಸೀಮೆ ಥರ. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಇಳಿಯೋಕೆ ಗುಡ್ಡ ಇಲ್ಲ. ಜೀವನವಿಡೀ ಇಳಿಜಾರನ್ನು ಅಳೆದವನಿಗೆ ಕೊನೆಗೆ ಸಿಕ್ಕ ಸ್ವಂತ ನೆಲ ಪೂರ್ತಿ ಸಮತಟ್ಟು. ಆದರೂ ಅವನ ಮನೆ ಬಾಗಿಲಿನ ಹತ್ತಿರ ಒಂದು ಜೊತೆ ಸ್ಕೀ ಒರಗಿಸಿಟ್ಟಿರುತ್ತಿತ್ತು ಅಂತ ಹೇಳ್ತಾರೆ.

1897ರ ಮಾರ್ಚ್ 9ರಂದು ಅವನು ತೀರಿಕೊಂಡ. ಡೆನ್ಬಿ ಅನ್ನೋ ಸಣ್ಣ ಊರಿನ ಹತ್ತಿರ, ನಾರ್ವೆಯವರೇ ಕಟ್ಟಿಕೊಂಡಿದ್ದ ಚರ್ಚಿನ ಮಗ್ಗುಲಿನಲ್ಲಿ ಮಣ್ಣು ಮಾಡಿದರು. ಬಹಳ ಕಾಲ ಆ ಸಮಾಧಿಗೆ ಹೆಸರು ಬರೆದ ಕಲ್ಲೂ ಇರಲಿಲ್ಲ.

ಆಮೇಲೆ ಬಂದವರು

ಅವನು ಬಿಟ್ಟುಹೋದ ಪ್ರಶ್ನೆಯನ್ನು ಬೇರೆಯವರು ಮುಂದುವರಿಸಿದರು. 1890ರ ದಶಕದಲ್ಲಿ ನಾರ್ವೆಯ ಫ್ರಿಟ್ಸ್ ಹುಯಿಟ್‌ಫೆಲ್ಟ್ ಬೆರಳಿನ ಎರಡೂ ಪಕ್ಕ ಕಬ್ಬಿಣದ ಹಿಡಿಕೆ ಇಟ್ಟ. ಅದೇ ಹೊತ್ತಿಗೆ ಆಸ್ಟ್ರಿಯಾದ ಮಥಿಯಾಸ್ ಜ್ದಾರ್ಸ್ಕಿ ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಅಂತ ಗಿಡ್ಡ ಸ್ಕೀ ಮತ್ತು ಲೋಹದ ಕಟ್ಟು ತಯಾರು ಮಾಡಿದ. ಹಿಡಿತ ಬಿಗಿಯಾದಷ್ಟೂ ಹೊಸ ಸಮಸ್ಯೆ ಬಂತು: ಬಿದ್ದಾಗ ಸ್ಕೀ ಕಳಚುವುದಿಲ್ಲ, ಕಾಲು ಮುರಿಯುತ್ತೆ. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಯಾಲ್ಮಾರ್ ವಾಮ್ 1937ರಲ್ಲಿ ಹೀಗೇ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬಲ ಒಂದು ಮಿತಿ ದಾಟಿದರೆ ತಾನೇ ಬಿಟ್ಟುಕೊಳ್ಳುವ ಕಟ್ಟಿನ ಯೋಚನೆ ಮಾಡಿದ. ಮನೆಯ ಕರೆಂಟಿಗೆ ಫ್ಯೂಸ್ ಇದ್ದ ಹಾಗೆ. ಇಳಿಜಾರಿನಲ್ಲಿ ಆಡುವ ಸ್ಕೀಯ ಈಗಿನ ಬೈಂಡಿಂಗ್‌ಗಳು ಸಾಮಾನ್ಯವಾಗಿ ಇದೇ ತತ್ವದ ಮೇಲೆ ಇವೆ. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನು ಆಡುವವರ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಆಡುವ ರೀತಿ ನೋಡಿ ಸೆಟ್ ಮಾಡ್ತಾರೆ.

ಪುಡಿ ಹಿಮದ ಲೆಕ್ಕ

ಈಗ ನೋರ್‌ಹೈಮ್‌ನ ಮೂರು ಪ್ರಶ್ನೆಗಳನ್ನು ಇವತ್ತಿನ ಪೌಡರ್ ಸ್ಕೀಗೆ ಹಾಕಿ ನೋಡೋಣ. ಹೊಸದಾಗಿ ಬಿದ್ದ, ಯಾರೂ ತುಳಿಯದ ಆಳ ಹಿಮಕ್ಕೆ ಪೌಡರ್ ಅಂತಾರೆ.

ಮೊದಲು ಅಗಲ. 70 ಕೆಜಿ ತೂಕದ ಮನುಷ್ಯ ಬೂಟಿನಲ್ಲಿ ನಿಂತರೆ ಎರಡೂ ಬೂಟಿನ ವಿಸ್ತೀರ್ಣ ಸುಮಾರು 600 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. 185 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಜೋಡಿ ಸ್ಕೀ ಮೇಲೆ ನಿಂತರೆ ಅದು 4,440 ಆಗುತ್ತೆ. ಒತ್ತಡ ಏಳನೇ ಒಂದು ಭಾಗಕ್ಕಿಂತ ಕಡಿಮೆ. ಹದ ಮಾಡಿದ ಗಟ್ಟಿ ಹಿಮದ ಮೇಲೆ ಆಡುವ ಸ್ಕೀಗೆ 7–8 ಸೆಂ.ಮೀ. ಸೊಂಟ ಸಾಕು. ಪುಡಿ ಹಿಮಕ್ಕೆ 11–12 ಸೆಂ.ಮೀ. ಬೇಕು. ಮಾನ್ವಿ, ಸಿಂಧನೂರು ಕಡೆ ಭತ್ತದ ಕೆಸರುಗದ್ದೆಗೆ ಇಳಿಯುವಾಗ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕ್ತಾರಲ್ಲ, ಅದರ ಹಿಂದಿರುವ ವಿಚಾರವೂ ಇದೇ. ಜೊತೆಗೆ ಪೌಡರ್ ಸ್ಕೀಯ ಮುಂದಿನ ತುದಿ ದೋಣಿಯ ಮೂತಿ ಥರ ದೂರದಿಂದಲೇ ಮೇಲಕ್ಕೆ ಏಳುತ್ತಾ ಬರುತ್ತೆ. ಅಮೆರಿಕದ ಶೇನ್ ಮೆಕ್‌ಕಾಂಕಿ ಇದನ್ನು ಇನ್ನೂ ಮುಂದಕ್ಕೆ ಒಯ್ದ. ನೀರಿನ ಮೇಲೆ ಆಡುವ ವಾಟರ್ ಸ್ಕೀಯನ್ನೇ ಹಿಮದ ಮೇಲೆ ಪ್ರಯೋಗ ಮಾಡಿ, 2000ರ ದಶಕದ ಆರಂಭದಲ್ಲಿ ನಡು ಅಗಲ, ತುದಿ ಕಿರಿದು ಇರುವ ಸ್ಕೀ ತಂದ. ನೋರ್‌ಹೈಮ್‌ನ ಸೊಂಟಕ್ಕೆ ನೇರ ಉಲ್ಟಾ! ಗಟ್ಟಿ ಹಿಮಕ್ಕೆ ಅಂಚು ಬೇಕು, ಪುಡಿ ಹಿಮಕ್ಕೆ ತಳ ಬೇಕು. ನೆಲ ಬದಲಾದರೆ ಡಿಸೈನ್ ಬದಲಾಗುತ್ತೆ.

ಇನ್ನು ಕಾಲು ಎಲ್ಲಿ ಕಟ್ಟೋದು? ಸ್ಕೀ ತಯಾರಿಸುವವರು ಹಲಗೆ ಮೇಲೆ ಒಂದು ಗೆರೆ ಹಾಕಿರ್ತಾರೆ, ಬೂಟಿನ ಅಡಿಯ ನಡುವೆಯೂ ಒಂದು ಗೆರೆ ಇರುತ್ತೆ. ಎರಡೂ ಒಂದರ ಮೇಲೊಂದು ಬರುವ ಹಾಗೆ ಬೈಂಡಿಂಗ್ ಕೂರಿಸಬೇಕು. ಆ ಗೆರೆ ಸಾಮಾನ್ಯವಾಗಿ ಹಲಗೆಯ ನಟ್ಟನಡುವೆ ಇರೋದಿಲ್ಲ, ಕೆಲವು ಸೆಂಟಿಮೀಟರ್ ಹಿಂದಿರುತ್ತೆ. ಹಿಂದಕ್ಕೆ ಹೋದಷ್ಟೂ ಮೂತಿ ಸುಲಭವಾಗಿ ತೇಲುತ್ತೆ, ಆದರೆ ತಿರುಗಿಸೋದು ನಿಧಾನ. ಮುಂದಕ್ಕೆ ಬಂದಷ್ಟೂ ಚುರುಕಾಗಿ ತಿರುಗುತ್ತೆ, ಆದರೆ ಆಳ ಹಿಮದಲ್ಲಿ ಮೂತಿ ಮುಳುಗಬಹುದು. ಒಂದೆರಡು ಸೆಂಟಿಮೀಟರ್ ಆಚೀಚೆ ಆದರೂ ಕಾಲಿಗೆ ಗೊತ್ತಾಗುತ್ತೆ. ನಮ್ಮ ರೈತರು ನೇಗಿಲಿನ ಈಸಿಗೆ ನೊಗವನ್ನು ಸ್ವಲ್ಪ ಹಿಂದೆ ಮುಂದೆ ಕಟ್ಟಿ ಉಳುಮೆಯ ಆಳವನ್ನು ಹೆಚ್ಚುಕಡಿಮೆ ಮಾಡ್ತಾರೆ. ಕಟ್ಟುವ ಜಾಗ ಬದಲಾದರೆ ಇಡೀ ಉಪಕರಣದ ಸ್ವಭಾವ ಬದಲಾಗುತ್ತೆ, ಅಲ್ಲೂ ಇಲ್ಲೂ.

ಒಂದೇ ವ್ಯತ್ಯಾಸ. ನೊಗ ಬಿಚ್ಚಿ ಮತ್ತೆ ಕಟ್ಟಬಹುದು. ಸ್ಕೀಗೆ ಒಮ್ಮೆ ಡ್ರಿಲ್ ಹಾಕಿದರೆ ಹಾಕಿದ ಹಾಗೇ. ಹಳೇ ತೂತಿನ ಮಗ್ಗುಲಲ್ಲೇ ಹೊಸ ತೂತು ಹಾಕಿದರೆ ಸ್ಕ್ರೂ ಹಿಡಿಯೋದಿಲ್ಲ, ಹಲಗೆಯೂ ಬಲ ಕಳೆದುಕೊಳ್ಳುತ್ತೆ. ಅದಕ್ಕೇ ತಿಳಿದವರು ಹೇಳೋದು: ಗೊಂದಲ ಇದ್ದರೆ ತಯಾರಕರ ಗೆರೆ ಮೇಲೇ ಕೂರಿಸಿ. ತುಂಬಾ ಟ್ರಿಕ್ಸ್ ಮಾಡುವವರು ಸ್ವಲ್ಪ ಮುಂದೆ, ಆಳ ಹಿಮದಲ್ಲೇ ಇರುವವರು ಬೇಕಿದ್ದರೆ ಸ್ವಲ್ಪ ಹಿಂದೆ.

ಹಾಸ್ಟೆಲ್‌ನಲ್ಲಿ ಇದನ್ನು ನೋಡಬೇಕಾ? ಒಂದು ಅಗಲ ತಟ್ಟೆಯಲ್ಲಿ ಹಿಟ್ಟು ಹರಡಿ, 15 ಸೆಂ.ಮೀ. ಪ್ಲಾಸ್ಟಿಕ್ ಸ್ಕೇಲಿನ ಮೂತಿ ತುಸು ಬಗ್ಗಿಸಿ, ಮೇಲೆ ಎರಡು ನಾಣ್ಯ ಅಂಟಿಸಿ ಮೆಲ್ಲಗೆ ಎಳೀರಿ. ನಾಣ್ಯ ಮುಂದಿಟ್ಟಾಗ ಏನಾಗುತ್ತೆ, ಹಿಂದಿಟ್ಟಾಗ ಏನಾಗುತ್ತೆ, ನೀವೇ ನೋಡಿ. ಮೆಸ್‌ನವರಿಗೆ ಹೇಳಿ ಹಿಟ್ಟು ತಗೊಳ್ಳಿ.

ಒಲೆಯ ಬೆಂಕಿ

1952ರಲ್ಲಿ ಓಸ್ಲೋದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಜ್ಯೋತಿಯನ್ನು ಗ್ರೀಸಿನಿಂದ ತರಲಿಲ್ಲ. ಮೋರ್ಗೆಡಾಲ್‌ನಲ್ಲಿ ನೋರ್‌ಹೈಮ್ ಹುಟ್ಟಿದ ಆ ಬಡ ಮನೆಯ ಒಲೆಯಲ್ಲಿ ಬೆಂಕಿ ಹಚ್ಚಿ, ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ ಸ್ಕೀ ಮೇಲೆ ಓಸ್ಲೋಗೆ ಒಯ್ದರು. 84 ವರ್ಷದ ಹಿಂದೆ ಅವನು ಸ್ಪರ್ಧೆಗೆ ಹೊರಟದ್ದೂ ಅದೇ ಊರಿನಿಂದ, ಅದೇ ನಗರಕ್ಕೆ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ಗೂ ಜ್ಯೋತಿ ಅಲ್ಲಿಂದಲೇ ಹೋಯಿತು. ಜಮೀನಿಲ್ಲದೆ ಊರು ಬಿಟ್ಟವನ ಒಲೆಯ ಬೆಂಕಿ ಅವನು ಹೋದ ದೇಶಕ್ಕೇ ಹೋಗಿ ಮುಟ್ಟಿತು. ಈಗ ಮೋರ್ಗೆಡಾಲ್‌ನಲ್ಲೂ, ನಾರ್ತ್ ಡಕೋಟಾದ ಮೈನಾಟ್ ನಗರದಲ್ಲೂ ಅವನ ಪ್ರತಿಮೆ ಇದೆ.

ಇದೆಲ್ಲಾ ನಮಗೆ ದೂರದ ಮಾತು ಅಂತ ಬಿಡಬೇಕಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಭಾರತದ ಪರವಾಗಿ ಆಡ್ತಾರೆ. ಆ ಆಟದ ಸ್ಕೀಯಲ್ಲಿ ಇವತ್ತಿಗೂ ಬೂಟಿನ ಬೆರಳು ಮಾತ್ರ ಕಟ್ಟಿರುತ್ತೆ, ಹಿಮ್ಮಡಿ ಏಳುತ್ತೆ. ಕಾಶ್ಮೀರದ ಗುಲ್ಮಾರ್ಗ್‌ನ ಪುಡಿ ಹಿಮಕ್ಕೆ ಹೊರದೇಶದವರೂ ಹುಡುಕಿಕೊಂಡು ಬರ್ತಾರೆ, ಸ್ಕೀ ಅಲ್ಲೇ ಬಾಡಿಗೆಗೆ ಸಿಗುತ್ತೆ. ನಮ್ಮಲ್ಲಿ ಯಾರಾದರೂ ಟೂರ್ ಹೋದರೆ, ಫೋಟೋ ತೆಗೆಯುವ ಮುಂಚೆ ಒಮ್ಮೆ ಸ್ಕೀಯನ್ನು ಕೈಯಲ್ಲಿ ಹಿಡಿದು ಸೊಂಟದ ಅಗಲ ನೋಡ್ರಿ, ನಡುವಿನ ಗೆರೆ ಎಲ್ಲಿದೆ ಹುಡುಕ್ರಿ, ಹಿಮ್ಮಡಿ ಹಿಡಿಯುವ ಭಾಗವನ್ನು ಒತ್ತಿ ನೋಡ್ರಿ. ಬೇರು ಹೋಗಿ ಸ್ಪ್ರಿಂಗ್ ಬಂದಿದೆ, ಕೆಲಸ ಅದೇ.